ಮೂರು ಸಲ ಮುರಿದ ಫೋರ್ಕ್

ಟೂರ್ ಡಿ ಫ್ರಾನ್ಸ್ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಹಳದಿ ಜೆರ್ಸಿ. ರೇಸಿನಲ್ಲಿ ಒಟ್ಟಾರೆ ಯಾರು ಮುಂದಿದ್ದಾರೋ ಅವರು ಮಾತ್ರ ಹಾಕಿಕೊಳ್ಳೋ ಬಟ್ಟೆ ಅದು. ಆದರೆ ದಾಖಲೆಯ ಪ್ರಕಾರ ಆ ಜೆರ್ಸಿಯನ್ನು ಮೊಟ್ಟಮೊದಲು ಹಾಕಿಕೊಂಡ ಮನುಷ್ಯ ಟೂರನ್ನು ಒಂದು ಸಲವೂ ಗೆಲ್ಲಲಿಲ್ಲ. 1906ರಿಂದ 1925ರವರೆಗೆ 11 ಸಲ ಹೊರಟ, 8 ಸಲ ಕೊನೆ ಮುಟ್ಟಿದ. ಅದರಲ್ಲಿ ಮೂರು ಸಲ ಅವನ ಸೈಕಲ್ಲಿನ ಫೋರ್ಕ್ ಮುರಿಯಿತು. ಆ ಕಾಲದಲ್ಲಿ ಗೆದ್ದವರ ಹೆಸರು ಇವತ್ತು ಕ್ವಿಜ್ ಮಾಡೋರಿಗೆ ಮಾತ್ರ ಗೊತ್ತು. ಇವನ ಹೆಸರು ಫ್ರಾನ್ಸಿನಲ್ಲಿ ಸೈಕಲ್ ಪ್ರೀತಿಸೋ ಎಲ್ಲರಿಗೂ ಗೊತ್ತು. ಯೂಜೆನ್ ಕ್ರಿಸ್ತೋಫ್ ಅಂತ.

ನಾನು ಇವನ ಬಗ್ಗೆ ಬರೀಬೇಕು ಅಂದುಕೊಂಡಿದ್ದು ಸೈಕ್ಲಿಂಗ್ ಹುಚ್ಚಿನಿಂದ ಅಲ್ಲ. ಈ ಸೆಮಿಸ್ಟರ್ ನಮಗೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಇದೆ. ಬೀಮ್, ಲೋಡ್, ಬೆಂಡಿಂಗ್ ಮೊಮೆಂಟ್ ಅಂತ ದಿನಾ ಲೆಕ್ಕ ಮಾಡ್ತೀವಿ. ಲೆಕ್ಕದ ಕೊನೆಗೆ ಸೇಫ್ ಅಥವಾ ನಾಟ್ ಸೇಫ್ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದು ಮುಂದಿನ ಪ್ರಾಬ್ಲಮ್‌ಗೆ ಹೋಗ್ತೀವಿ. ಆ ನಾಟ್ ಸೇಫ್ ಅನ್ನೋದು ಒಂದು ಬೆಟ್ಟದ ಮೇಲೆ, ಒಬ್ಬ ಮನುಷ್ಯನ ಕೈಯಲ್ಲಿ ನಿಜವಾಗಿ ಆದರೆ ಹೇಗಿರುತ್ತೆ? ಕ್ರಿಸ್ತೋಫ್‌ನ ಬದುಕಿನ ಒಂದು ದಿನ ಅದನ್ನ ತೋರಿಸುತ್ತೆ. ಆ ದಿನ 1913ರ ಜುಲೈ 9. ಆದರೆ ಅಲ್ಲಿಗೆ ಹೋಗೋ ಮೊದಲು ಅವನು ಯಾರು ಅಂತ ಸ್ವಲ್ಪ ತಿಳ್ಕೊಳ್ಳೋಣ.

ಕ್ರಿಸ್ತೋಫ್ ಹುಟ್ಟಿದ್ದು 1885ರ ಜನವರಿ 22ರಂದು, ಪ್ಯಾರಿಸ್ ಪಕ್ಕದ ಮಲಕಾಫ್ ಅನ್ನೋ ಊರಿನಲ್ಲಿ. ಕಲಿತ ಕಸುಬು ಬೀಗದ ಕೆಲಸ. ಬೀಗ ಮಾಡೋದು, ರಿಪೇರಿ ಮಾಡೋದು, ಕೀಲಿ ಅರೆಯೋದು, ಸಣ್ಣಪುಟ್ಟ ಕಬ್ಬಿಣದ ಕೆಲಸ. ಕಬ್ಬಿಣ ಎಷ್ಟು ಕಾದರೆ ಬಗ್ಗುತ್ತೆ, ಎಲ್ಲಿ ಹೊಡೆದರೆ ಕೂಡುತ್ತೆ ಅನ್ನೋದು ಅವನ ಕೈಗೆ ಗೊತ್ತಿತ್ತು. ಈ ಮಾತನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಹದಿಹರೆಯದಲ್ಲೇ ರೇಸುಗಳಿಗೆ ಇಳಿದ. 1906ರಲ್ಲಿ ಮೊದಲ ಸಲ ಟೂರ್ ಓಡಿಸಿ ಒಂಬತ್ತನೆಯವನಾಗಿ ಬಂದ. ಆಗ ಅವನಿಗೆ 21 ವರ್ಷ, ಅಂದರೆ ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು. ದೊಡ್ಡ ಮೀಸೆ ಬಿಟ್ಟಿದ್ದ, ಅದಕ್ಕೆ ಹಳೇ ಗಾಲ್ ಅಂತ ಅಡ್ಡಹೆಸರು. ಮೀಸೆ ಚಿಕ್ಕದು ಮಾಡಿದ ಮೇಲೆ ಜನ ಪ್ರೀತಿಯಿಂದ ಕ್ರಿ-ಕ್ರಿ ಅಂತ ಕರೆಯೋಕೆ ಶುರು ಮಾಡಿದರು.

ಕೆಸರಿನಲ್ಲಿ, ಕಾಡಿನಲ್ಲಿ, ಸೈಕಲ್ಲು ಹೆಗಲಿಗೆ ಹಾಕಿಕೊಂಡು ಓಡಬೇಕಾದ ಸೈಕ್ಲೋಕ್ರಾಸ್ ಅನ್ನೋ ಆಟ ಇದೆಯಲ್ಲ, ಅದರಲ್ಲಿ ಅವನು 1909ರಿಂದ 1914ರವರೆಗೆ ಸತತ ಆರು ಸಲ ಫ್ರಾನ್ಸ್ ಚಾಂಪಿಯನ್. 1921ರಲ್ಲಿ ಮತ್ತೊಂದು ಸಲ. ಹಾಗಾಗಿ ಸೈಕಲ್ಲು ಹೊತ್ತು ಓಡೋದು ಅವನಿಗೆ ಹೊಸದಾಗಿರಲಿಲ್ಲ.

1910ರ ಏಪ್ರಿಲ್‌ನಲ್ಲಿ ಇಟಲಿಯ ಮಿಲಾನ್–ಸಾನ್ ರೆಮೊ ರೇಸ್. ಒಂದೇ ದಿನದ ರೇಸು, ಆದರೆ ಸುಮಾರು 290 ಕಿ.ಮೀ. ಅವತ್ತು ತುರ್ಕಿನೊ ಕಣಿವೆದಾರಿಯಲ್ಲಿ ಹಿಮ ಬಿದ್ದಿತ್ತು. ಕ್ರಿಸ್ತೋಫ್ ಚಳಿಗೆ ಮರಗಟ್ಟಿ ರಸ್ತೆ ಬದಿ ನಿಂತುಬಿಟ್ಟ. ದಾರಿಯಲ್ಲಿ ಹೋಗ್ತಿದ್ದ ಯಾರೋ ಒಬ್ಬ ಅವನನ್ನ ಹತ್ತಿರದ ಮನೆಗೆ ಕರ್ಕೊಂಡು ಹೋಗಿ ಕಂಬಳಿ ಹೊದಿಸಿ ಬೆಚ್ಚಗೆ ಮಾಡಿದ. ಸ್ವಲ್ಪ ಚೇತರಿಸಿಕೊಂಡವನು ಉದ್ದ ಪ್ಯಾಂಟ್ ಹಾಕಿಕೊಂಡು ಮತ್ತೆ ಹೊರಟ, ಮುಂದಿದ್ದವರನ್ನೆಲ್ಲ ಹಿಡಿದ, ಹನ್ನೆರಡು ಗಂಟೆಗೂ ಹೆಚ್ಚು ಹೊತ್ತಿನ ಓಟದ ನಂತರ ಗೆದ್ದ. ಅರವತ್ತಕ್ಕೂ ಹೆಚ್ಚು ಜನ ಹೊರಟ ರೇಸಿನಲ್ಲಿ ಫಲಿತಾಂಶದ ಪಟ್ಟಿಗೆ ಬಂದವರು ನಾಲ್ಕೇ ಜನ. ಅದರ ಬೆಲೆಯನ್ನೂ ಕೊಟ್ಟ. ಸುಮಾರು ಒಂದು ತಿಂಗಳು ಆಸ್ಪತ್ರೆಯಲ್ಲಿದ್ದ. ಮೈ ಪೂರ್ತಿ ಸರಿಯಾಗೋಕೆ ಎರಡು ವರ್ಷ ಹಿಡೀತು.

ಆ ಎರಡು ವರ್ಷ ಆದಮೇಲೆ ಬಂದಿದ್ದು 1912ರ ಟೂರ್. ಕ್ರಿಸ್ತೋಫ್ ಸಾಲಾಗಿ ಮೂರು ಹಂತ ಗೆದ್ದ. ಅದರಲ್ಲಿ ಗ್ರೆನೋಬ್ಲ್ ಊರಿಗೆ ಹೋಗೋ ಹಂತದಲ್ಲಿ 315 ಕಿ.ಮೀ. ಒಬ್ಬನೇ ಮುಂದೆ ಓಡಿದ. ಆದರೆ ಆಗಿನ ಲೆಕ್ಕಾಚಾರ ಸಮಯದ ಮೇಲೆ ಇರಲಿಲ್ಲ, ಪಾಯಿಂಟ್ಸ್ ಮೇಲಿತ್ತು. ಒಂದು ಗಂಟೆ ಮುಂದೆ ಬಂದರೂ ಒಂದು ಸೆಕೆಂಡ್ ಮುಂದೆ ಬಂದರೂ ಮೊದಲ ಸ್ಥಾನಕ್ಕೆ ಒಂದೇ ಪಾಯಿಂಟ್. ಹಾಗಾಗಿ ಬೆಲ್ಜಿಯಂನ ಓಡಿಲ್ ಡೆಫ್ರೇ ಗೆದ್ದ, ಕ್ರಿಸ್ತೋಫ್ ಎರಡನೆಯವನಾದ. ಮುಂದಿನ ವರ್ಷ ಆಯೋಜಕರು ಪಾಯಿಂಟ್ಸ್ ಬಿಟ್ಟು ಒಟ್ಟು ಸಮಯ ಕೂಡೋ ಪದ್ಧತಿಗೆ ಬಂದರು. ಅಂದರೆ 1913, ಲೆಕ್ಕದ ಪ್ರಕಾರ, ಕ್ರಿಸ್ತೋಫ್‌ನ ವರ್ಷ ಆಗಬೇಕಿತ್ತು.

ಆಗಿನ ಟೂರ್ ಹೇಗಿತ್ತು ಅಂತ ಇಲ್ಲಿ ಹೇಳಲೇಬೇಕು, ಯಾಕಂದ್ರೆ ಇವತ್ತಿನ ಟಿವಿ ಟೂರನ್ನ ಮನಸ್ಸಿನಲ್ಲಿಟ್ಟುಕೊಂಡರೆ ಈ ಕಥೆ ಅರ್ಥ ಆಗಲ್ಲ. 1913ರಲ್ಲಿ 140 ಜನ ಹೊರಟರು. 15 ಹಂತ, ಒಟ್ಟು 5,300 ಕಿ.ಮೀ.ಗೂ ಹೆಚ್ಚು ದೂರ. ಒಂದೊಂದು ಹಂತವೂ 300, 400 ಕಿ.ಮೀ. ಇರ್ತಿತ್ತು, ಅದಕ್ಕೆ ಒಂದು ದಿನ ಓಟ, ಒಂದು ದಿನ ವಿಶ್ರಾಂತಿ. ನಡುರಾತ್ರಿ ಕಳೆದ ಮೇಲೆ ಕತ್ತಲಲ್ಲೇ ಹೊರಡೋರು. ರಸ್ತೆ ಅಂದರೆ ಮಣ್ಣು, ಜಲ್ಲಿ, ಧೂಳು. ಪಂಕ್ಚರ್ ಆದರೆ ಬೇಕು ಅಂತ ಸ್ಪೇರ್ ಟಯರುಗಳನ್ನ ಜನಿವಾರದ ಹಾಗೆ ಭುಜದಿಂದ ಅಡ್ಡಲಾಗಿ ಹಾಕಿಕೊಂಡಿರೋರು. ಗೇರ್ ಬದಲಿಸೋ ಡೆರೈಲರ್ ಇರಲಿಲ್ಲ. ಅದಕ್ಕೆ ಟೂರಿನಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಹಿಂದಿನ ಚಕ್ರದ ಎರಡೂ ಕಡೆ ಬೇರೆ ಬೇರೆ ಅಳತೆಯ ಹಲ್ಲುಚಕ್ರ ಇರ್ತಿತ್ತು. ಏರು ಬಂದಾಗ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಿ, ಮತ್ತೆ ಹತ್ತಬೇಕಿತ್ತು.

ಎಲ್ಲಕ್ಕಿಂತ ಮುಖ್ಯ ಒಂದು ನಿಯಮ. ಟೂರನ್ನ 1903ರಲ್ಲಿ ಶುರು ಮಾಡಿದ್ದು ಲೋತೊ ಅನ್ನೋ ಕ್ರೀಡಾ ಪತ್ರಿಕೆ, ಅದರ ಸಂಪಾದಕ ಹೆನ್ರಿ ದೆಗ್ರಾಂಜ್. ಗೆಲುವು ಮನುಷ್ಯನದ್ದಾಗಬೇಕು, ಸೈಕಲ್ ಕಂಪನಿಯದ್ದಾಗಬಾರದು ಅನ್ನೋದು ಅವನ ಹಠ. ಕಂಪನಿಗಳು ದಾರಿಯುದ್ದಕ್ಕೂ ತಮ್ಮ ಮೆಕ್ಯಾನಿಕ್‌ಗಳನ್ನ ನಿಲ್ಲಿಸಿದರೆ ದುಡ್ಡಿದ್ದವರೇ ಗೆಲ್ತಾರೆ ಅನ್ನೋ ಭಯ. ಆದ್ದರಿಂದ ಸೈಕಲ್ಲಿಗೆ ಏನೇ ಆದರೂ ಸವಾರನೇ ರಿಪೇರಿ ಮಾಡಿಕೊಳ್ಳಬೇಕು, ಬೇರೆ ಯಾರೂ ಕೈ ಹಚ್ಚೋ ಹಾಗಿಲ್ಲ. ಹೇಳೋಕೆ ಚೆನ್ನಾಗಿದೆ, ನ್ಯಾಯವಾಗಿಯೂ ಇದೆ. ಕಾಗದದ ಮೇಲೆ.

ಈಗ ಆ ದಿನಕ್ಕೆ ಬರೋಣ.

ಆರನೇ ಹಂತ. ಅಟ್ಲಾಂಟಿಕ್ ಕಡಲಿನ ಹತ್ತಿರದ ಬಯೋನ್ ಊರಿನಿಂದ ಪಿರನೀಸ್ ಪರ್ವತದ ನಡುವಿನ ಲೂಷಾನ್‌ವರೆಗೆ 326 ಕಿ.ಮೀ. ಬೆಳಗಿನ ಜಾವ ಮೂರು ಗಂಟೆಗೆ ಎಲ್ಲರೂ ಒಟ್ಟಿಗೆ ಹೊರಟರು. ಒಟ್ಟು ಸಮಯದಲ್ಲಿ ಡೆಫ್ರೇ ಮೊದಲು, ಕ್ರಿಸ್ತೋಫ್ ಎರಡನೆಯವನು, ನಡುವೆ ಅಂತರ ಐದು ನಿಮಿಷಕ್ಕಿಂತ ಸ್ವಲ್ಪ ಕಡಿಮೆ. ಬೆಟ್ಟ ಶುರುವಾದ ಮೇಲೆ ಡೆಫ್ರೇ ಹಿಂದೆ ಬಿದ್ದ. ತೂರ್ಮಲೆ ಅನ್ನೋ ದೊಡ್ಡ ಏರಿಗೆ ಬರೋ ಹೊತ್ತಿಗೆ ಅವನ ಕೈಲಿ ಆಗಲಿಲ್ಲ, ರೇಸನ್ನೇ ಬಿಟ್ಟ. ಈಗ ರೇಸಿನ ನಾಯಕ ಕ್ರಿಸ್ತೋಫ್. ರಸ್ತೆಯಲ್ಲಿ ಅವನ ಮುಂದೆ ಇದ್ದವನು ಅವನದೇ ಪೂಜೋ ತಂಡದ ಬೆಲ್ಜಿಯನ್ ಹುಡುಗ ಫಿಲಿಪ್ ತೀಸ್, ಅದೂ ಕೆಲವೇ ನಿಮಿಷ. ಒಟ್ಟು ಲೆಕ್ಕದಲ್ಲಿ ಮಾತ್ರ ಕ್ರಿಸ್ತೋಫ್ ಎಲ್ಲರಿಗಿಂತ ಮುಂದೆ.

ತೂರ್ಮಲೆಯ ತುದಿ 2,115 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಎತ್ತರ, ಅದರ ಮೇಲಿಂದ ರಸ್ತೆ ಹಾದುಹೋಗುತ್ತೆ. ಅಲ್ಲಿ ತನಕ ಹತ್ತಿದವನು ಚಕ್ರ ತಿರುಗಿಸಿ ಹಾಕಿಕೊಂಡು ಇಳಿಯೋಕೆ ಶುರು ಮಾಡಿದ. ಜಲ್ಲಿ ರಸ್ತೆಯ ಮೇಲೆ ಜೋರಾದ ಇಳಿಜಾರು. ಸ್ವಲ್ಪ ದೂರ ಹೋದ ಮೇಲೆ ಹ್ಯಾಂಡಲ್ಲಿನಲ್ಲಿ ಏನೋ ಸರಿ ಇಲ್ಲ ಅನ್ನಿಸಿತು. ತಿರುಗಿಸಿದರೆ ಚಕ್ರ ಸರಿಯಾಗಿ ಮಾತು ಕೇಳ್ತಿಲ್ಲ. ಬ್ರೇಕ್ ಹಿಡಿದು ನಿಲ್ಲಿಸಿ ನೋಡಿದರೆ ಫೋರ್ಕ್ ಮುರಿದಿದೆ.

ಫೋರ್ಕ್ ಅಂದರೆ ಮುಂದಿನ ಚಕ್ರವನ್ನ ಎರಡೂ ಕಡೆಯಿಂದ ಹಿಡಿದುಕೊಂಡು ಹ್ಯಾಂಡಲ್ಲಿಗೆ ಸೇರಿಸೋ ಕವಲು. ಸೈಕಲ್ಲಿನಲ್ಲಿ ಬೇರೆ ಯಾವ ಭಾಗ ಮುರಿದರೂ ಹೇಗೋ ಕುಂಟುತ್ತಾ ಹೋಗಬಹುದು. ಇದು ಹೋದರೆ ಎಲ್ಲ ಹೋದಂತೆ. ನಮ್ಮ ಕ್ಲಾಸಿನ ಭಾಷೆಯಲ್ಲಿ ಹೇಳೋದಾದರೆ ಇದೊಂದು ಕ್ಯಾಂಟಿಲಿವರ್ ಬೀಮ್. ಮೇಲಿನ ತುದಿ ಗಟ್ಟಿಯಾಗಿ ಹಿಡಿದಿದೆ, ಕೆಳಗಿನ ತುದಿಗೆ ರಸ್ತೆ ಹೊಡೀತಾ ಇರುತ್ತೆ. ಬೆಂಡಿಂಗ್ ಮೊಮೆಂಟ್ ಅತಿ ಹೆಚ್ಚು ಇರೋದು ಮೇಲೆ, ಕವಲು ಕೂಡೋ ಜಾಗದಲ್ಲಿ. ಪ್ರತಿ ಕಲ್ಲು, ಪ್ರತಿ ಗುಂಡಿ, ಪ್ರತಿ ಸಲ ಬ್ರೇಕ್ ಹಿಡಿದಾಗ ಆ ಜಾಗ ಒಂದಿಷ್ಟು ಬಗ್ಗಿ ವಾಪಸ್ ಬರುತ್ತೆ. ಲಕ್ಷಾಂತರ ಸಲ ಹೀಗಾದರೆ, ಒಂದೇ ಹೊಡೆತದಲ್ಲಿ ಮುರಿಯದ ಉಕ್ಕೂ ಸಣ್ಣ ಬಿರುಕು ಬಿಟ್ಟು ಒಂದು ದಿನ ಕೈ ಕೊಡುತ್ತೆ. ಅದಕ್ಕೇ ಫಟೀಗ್ ಅಂತಾರೆ. ಇವತ್ತು ಸೈಕಲ್ ಫೋರ್ಕುಗಳನ್ನ ಮಾರೋಕೆ ಮೊದಲು ಮೆಷೀನಿಗೆ ಕಟ್ಟಿ ಸಾವಿರಾರು ಸಲ ಬಗ್ಗಿಸಿ ನೋಡ್ತಾರೆ. ಆ ಕಾಲದಲ್ಲಿ ಟೆಸ್ಟ್ ಆಗ್ತಿದ್ದಿದ್ದು ರಸ್ತೆಯ ಮೇಲೆ, ಸವಾರನ ಕೈ ಕೆಳಗೆ.

ಕ್ರಿಸ್ತೋಫ್ ಸೈಕಲ್ಲನ್ನ ಹೆಗಲಿಗೆ ಹಾಕಿಕೊಂಡ. ಬೆಟ್ಟದ ಬುಡದ ಸೇಂಟ್-ಮರಿ-ದ-ಕಂಪಾನ್ ಅನ್ನೋ ಹಳ್ಳಿಗೆ ಇನ್ನೂ ಹತ್ತು ಕಿ.ಮೀ.ಗೆ ಕಡಿಮೆ ಇಲ್ಲದ ದಾರಿ. ಸುಮಾರು ಎರಡು ಗಂಟೆ ನಡೆದ. ಹತ್ತುವಾಗ ಅವನು ಹಿಂದೆ ಹಾಕಿದ್ದವರೆಲ್ಲ ಒಬ್ಬೊಬ್ಬರಾಗಿ ಪಕ್ಕದಲ್ಲೇ ಹಾದು ಇಳಿದು ಹೋದರು. ಯಾರೂ ನಿಲ್ಲಲಿಲ್ಲ, ನಿಲ್ಲೋಕೂ ನಿಯಮ ಇರಲಿಲ್ಲ. ದಾರಿಯುದ್ದಕ್ಕೂ ಅಳುತ್ತಾ ಇಳಿದೆ ಅಂತ ಮುಂದೆ ಅವನೇ ನೆನಪಿಸಿಕೊಂಡಿದ್ದಾನೆ. ಹಿಮದಲ್ಲಿ ಮರಗಟ್ಟಿದರೂ ರೇಸು ಗೆದ್ದ ಮನುಷ್ಯ ಅವನು. ಅವತ್ತು ಮೈ ಸೋತಿರಲಿಲ್ಲ, ಕಾಲಲ್ಲಿ ಇನ್ನೂ ಶಕ್ತಿ ಇತ್ತು. ಅದಕ್ಕೇ ಅಳು ಬಂದಿರಬೇಕು.

ಹಳ್ಳಿಗೆ ಬಂದು ಕಮ್ಮಾರನ ಮನೆ ಎಲ್ಲಿ ಅಂತ ವಿಚಾರಿಸಿದ. ಒಬ್ಬ ಹುಡುಗಿ ದಾರಿ ತೋರಿಸಿದಳು. ಅವನ ಹಿಂದೆಯೇ ರೇಸಿನ ಅಧಿಕಾರಿಗಳೂ ಬಂದರು. ಬೇರೆ ಕಂಪನಿಗಳ ಮ್ಯಾನೇಜರುಗಳೂ ಬಂದು ನಿಂತರು. ಸಹಾಯ ಮಾಡೋಕಲ್ಲ, ಯಾರಾದರೂ ಸಹಾಯ ಮಾಡ್ತಾರಾ ಅಂತ ಕಾಯೋಕೆ. ಕಮ್ಮಾರ ತಾನೇ ಮಾಡಿಕೊಡ್ತೀನಿ ಅಂತ ಮುಂದೆ ಬಂದ. ಅವನ ಕಸುಬು, ಅವನ ಅಂಗಡಿ, ಅವನಿಗೆ ಎಷ್ಟು ಹೊತ್ತಿನ ಕೆಲಸ ಅದು! ಆದರೆ ಮುಟ್ಟಬಾರದು. ಏನು ಮಾಡಬೇಕು ಅಂತ ಬಾಯಲ್ಲಿ ಹೇಳಬಹುದು, ಅಷ್ಟೇ.

ಇಲ್ಲಿಂದ ಮುಂದೆ ಕೆಲಸ ಬೀಗ ಕಲಿತವನ ಕೈಯದ್ದು. ಒಂದು ತುಂಡು ಉಕ್ಕಿನ ಕೊಳವೆ ತಗೊಂಡ. ಕುಲುಮೆಯಲ್ಲಿ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿದು, ಅಳತೆಗೆ ತಂದು, ಮುರಿದ ಭಾಗಕ್ಕೆ ಕೂಡಿಸಬೇಕು. ನಾವು ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಎರಡು ಎಂ.ಎಸ್. ತುಂಡುಗಳನ್ನ ಫೈಲ್ ಮಾಡಿ ಒಂದರೊಳಗೊಂದು ಕೂರಿಸೋಕೆ ಮೂರು ವಾರದ ಲ್ಯಾಬ್ ತಗೊಂಡಿದ್ವಿ. ಅದೂ ಎದುರಿಗೆ ಡ್ರಾಯಿಂಗ್, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್, ಕೈಯಲ್ಲಿ ವರ್ನಿಯರ್ ಇಟ್ಟುಕೊಂಡು. ಈ ಮನುಷ್ಯ ಬೆಳಗಿನ ಜಾವದಿಂದ ಇನ್ನೂರು ಕಿ.ಮೀ.ಗೂ ಹೆಚ್ಚು ಸೈಕಲ್ಲು ತುಳಿದು, ಎರಡು ಗಂಟೆ ಅದನ್ನ ಹೊತ್ತು ನಡೆದು ಬಂದು, ಗೊತ್ತಿಲ್ಲದ ಕುಲುಮೆಯಲ್ಲಿ, ಗಡಿಯಾರ ಓಡ್ತಾ ಇರೋವಾಗ ಈ ಕೆಲಸ ಮಾಡಬೇಕಿತ್ತು. ಮಾಡಿದ ಮೇಲೆ ಅದೇ ಫೋರ್ಕಿನ ಮೇಲೆ ಕೂತು ಇನ್ನೆರಡು ಬೆಟ್ಟ ಇಳಿಯಬೇಕು. ಅಂದರೆ ಅವನ ಬೆಸುಗೆ ಅವನದೇ ಜೀವ ಹಿಡಿಯಬೇಕಿತ್ತು.

ಗಂಟೆಗಳು ಕಳೆದವು. ನೋಡ್ತಾ ನಿಂತಿದ್ದ ಒಬ್ಬ ಅಧಿಕಾರಿಗೆ ಹಸಿವಾಗಿ, ಏನಾದರೂ ತಿಂದು ಬರಲಾ ಅಂತ ಕೇಳಿದನಂತೆ. ಕ್ರಿಸ್ತೋಫ್ ಕೊಟ್ಟ ಖಾರದ ಉತ್ತರದ ತಾತ್ಪರ್ಯ, ಹಸಿವಾದರೆ ಇಲ್ಲಿರೋ ಇದ್ದಿಲು ತಿನ್ನಿ, ನಾನು ನಿಮ್ಮ ಕೈದಿ, ನೀವು ಕೊನೆಯ ತನಕ ನನ್ನ ಕಾವಲುಗಾರರು ಅಂತ. ಈ ಪ್ರಸಂಗವನ್ನ ಟೂರಿನ ಕಥೆ ಹೇಳೋರು ಇವತ್ತಿಗೂ ನಗ್ತಾ ಹೇಳ್ತಾರೆ. ನನಗೆ ಅದರಲ್ಲಿ ನಗುಗಿಂತ ಸಿಟ್ಟೇ ಹೆಚ್ಚು ಕಾಣುತ್ತೆ.

ಈಗ ಆ ದಿನದ ಅತಿ ಪ್ರಸಿದ್ಧ ಭಾಗ. ಕಬ್ಬಿಣ ಹದಕ್ಕೆ ಬರಬೇಕಾದರೆ ಕುಲುಮೆಗೆ ಗಾಳಿ ಬೀಳ್ತಾನೇ ಇರಬೇಕು. ಆ ಗಾಳಿ ಊದೋ ಚರ್ಮದ ಚೀಲಕ್ಕೆ ತಿದಿ ಅಂತಾರೆ. ನನಗೆ ಈ ಪದ ಗೊತ್ತಿರಲಿಲ್ಲ, ನಮ್ಮ ಅಜ್ಜಿ ಹೇಳಿಕೊಟ್ಟರು. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದು ಕೈಯಲ್ಲಿ ಸುತ್ತಿಗೆ. ತಿದಿ ಒತ್ತೋಕೆ ಮೂರನೇ ಕೈ ಎಲ್ಲಿಂದ ತರೋದು? ಗಾಳಿ ನಿಂತರೆ ಬೆಂಕಿ ಇಳಿಯುತ್ತೆ, ಕಬ್ಬಿಣ ತಣ್ಣಗಾಗುತ್ತೆ, ಕೂಡಲ್ಲ. ಅಲ್ಲೇ ಇದ್ದ ಏಳು ವರ್ಷದ ಒಬ್ಬ ಪುಟ್ಟ ಹುಡುಗ ತಿದಿ ಒತ್ತಿದ. ಕೆಲಸ ಮುಗಿಯಿತು. ಅಧಿಕಾರಿಗಳು ಪುಸ್ತಕ ತೆಗೆದು ಬರೆದುಕೊಂಡರು. ಪರರ ಸಹಾಯ ಪಡೆದಿದ್ದಕ್ಕೆ ಹತ್ತು ನಿಮಿಷ ದಂಡ. ಆಮೇಲೆ ಅದನ್ನ ಮೂರು ನಿಮಿಷಕ್ಕೆ ಇಳಿಸಿದರು.

ಈ ಹತ್ತು ನಿಮಿಷದ ಬಗ್ಗೆ ನಾನು ಬಹಳ ಯೋಚನೆ ಮಾಡಿದ್ದೀನಿ. ಫಲಿತಾಂಶದ ದೃಷ್ಟಿಯಿಂದ ಅದಕ್ಕೆ ಅರ್ಥವೇ ಇಲ್ಲ. ರೇಸು ಆಗಲೇ ಕೈಬಿಟ್ಟು ಹೋಗಿತ್ತು. ಆದರೆ ನಿಯಮ ಬರೆದವರು ಒಂದು ಸಲವಾದರೂ ಕುಲುಮೆ ಮುಂದೆ ನಿಂತಿದ್ದರೆ ಅದನ್ನ ಹಾಗೆ ಬರೀತಿರಲಿಲ್ಲ ಅನ್ನಿಸುತ್ತೆ. ಮೂರು ಕೈ ಬೇಕಾದ ಕೆಲಸವನ್ನ ಎರಡು ಕೈಯಲ್ಲಿ ಮಾಡು ಅಂತ ಹೇಳೋದು ನ್ಯಾಯದ ಹಾಗೆ ಕಾಣೋ ಅನ್ಯಾಯ. ನಿಯಮ ಇದ್ದಿದ್ದು ದೊಡ್ಡ ಕಂಪನಿಗಳನ್ನ ತಡೆಯೋಕೆ, ಕೊನೆಗೆ ಅದು ಹಿಡಿದಿದ್ದು ತಿದಿ ಒತ್ತಿದ ಏಳು ವರ್ಷದ ಮಗುವನ್ನ. ಮುರಿದ ಫೋರ್ಕ್ ಮಾಡಿದವರಿಗೆ ಮಾತ್ರ ಒಂದು ನಿಮಿಷವೂ ದಂಡ ಬೀಳಲಿಲ್ಲ.

ಕ್ರಿಸ್ತೋಫ್ ವಾದ ಮಾಡ್ತಾ ನಿಲ್ಲಲಿಲ್ಲ. ಸೈಕಲ್ಲು ಜೋಡಿಸಿಕೊಂಡು ಹತ್ತಿದ. ಲೂಷಾನ್ ಇನ್ನೂ ಸುಮಾರು 60 ಕಿ.ಮೀ. ದೂರ. ನಡುವೆ 1,489 ಮೀಟರಿನ ಆಸ್ಪೆನ್, 1,569 ಮೀಟರಿನ ಪೇರೆಸೂರ್ದ್. ಎರಡನ್ನೂ ಹತ್ತಿ, ತನ್ನ ಕೈಯಾರೆ ಮಾಡಿದ ಫೋರ್ಕಿನ ಮೇಲೆ ಎರಡನ್ನೂ ಇಳಿದ. ಹಂತ ಗೆದ್ದ ತೀಸ್ ಬಂದು ಮೂರು ಗಂಟೆ ಐವತ್ತು ನಿಮಿಷ ಆದಮೇಲೆ ಲೂಷಾನ್ ಮುಟ್ಟಿದ. ಅಷ್ಟಾದರೂ ಅವನು ಕೊನೆಯವನಲ್ಲ, ಅವನ ಹಿಂದೆ ಇನ್ನೂ ಕೆಲವರು ಬರೋದಿತ್ತು. ಪಿರನೀಸ್ ಎಲ್ಲರಿಗೂ ಅಷ್ಟು ಕಷ್ಟ ಕೊಟ್ಟಿತ್ತು. ಕೊನೆಗೆ ಪ್ಯಾರಿಸ್ ಮುಟ್ಟಿದ 25 ಜನರಲ್ಲಿ ಕ್ರಿಸ್ತೋಫ್ ಏಳನೆಯವನು. ಗೆದ್ದವನು ತೀಸ್. ಆ ಫೋರ್ಕ್ ಮುರಿಯದಿದ್ದರೆ ಕ್ರಿಸ್ತೋಫ್ ಗೆಲ್ತಿದ್ದನಾ? ಇನ್ನೂ ಒಂಬತ್ತು ಹಂತ ಬಾಕಿ ಇತ್ತು, ತೀಸ್ ಸಾಮಾನ್ಯನಲ್ಲ, ಮುಂದೆ ಒಟ್ಟು ಮೂರು ಟೂರ್ ಗೆದ್ದವನು. ಆದ್ದರಿಂದ ಖಂಡಿತ ಗೆಲ್ತಿದ್ದ ಅಂತ ನಾನು ಹೇಳಲ್ಲ. ಗೆಲ್ಲಬಹುದಾ ಅಂತ ನೋಡೋ ಅವಕಾಶ ಅವನಿಗೆ ಸಿಗಲಿಲ್ಲ, ಅಷ್ಟೇ.

ಮುಂದಿನ ವರ್ಷ ಮಹಾಯುದ್ಧ ಶುರುವಾಯ್ತು. ಟೂರ್ ನಾಲ್ಕು ವರ್ಷ ನಿಂತಿತು. ಟೂರ್ ಗೆದ್ದಿದ್ದ ಮೂವರು, ಫಾಬರ್, ಲಪೀಜ್, ಪೆಟಿಟ್-ಬ್ರೆತಾನ್, ಯುದ್ಧದಲ್ಲಿ ಸತ್ತರು. 1919ರಲ್ಲಿ ಟೂರ್ ಮತ್ತೆ ಹೊರಟಾಗ ಕ್ರಿಸ್ತೋಫ್‌ಗೆ 34 ವರ್ಷ. ರಸ್ತೆಗಳು ಹಾಳಾಗಿದ್ದವು, ಟಯರು ಸಿಗ್ತಿರಲಿಲ್ಲ, ಕಂಪನಿಗಳು ಬೇರೆ ಬೇರೆ ತಂಡ ಕಟ್ಟೋ ಸ್ಥಿತಿಯಲ್ಲಿ ಇರಲಿಲ್ಲ. ಹೆಚ್ಚಿನ ಸವಾರರು ಒಂದೇ ಥರದ ಬೂದು ಜೆರ್ಸಿ ಹಾಕಿಕೊಂಡಿದ್ದರು. ಮುಂದಿರೋನು ಯಾರು ಅಂತ ಜನರಿಗೆ ಗುರುತು ಸಿಗಲಿ ಅಂತ ನಡುವೆಯೇ ದೆಗ್ರಾಂಜ್ ಹಳದಿ ಜೆರ್ಸಿ ತಂದ. ಲೋತೊ ಪತ್ರಿಕೆ ಅಚ್ಚಾಗ್ತಿದ್ದಿದ್ದು ಹಳದಿ ಕಾಗದದ ಮೇಲೆ. ಜುಲೈ 19ರಂದು ಗ್ರೆನೋಬ್ಲ್‌ನಲ್ಲಿ ಅದನ್ನ ಕ್ರಿಸ್ತೋಫ್‌ಗೆ ಕೊಟ್ಟರು. ಅವನಿಗೆ ಅದೇನೂ ಇಷ್ಟ ಆಗಲಿಲ್ಲ. ದಾರಿಯಲ್ಲಿ ಜನ ಕ್ಯಾನರಿ ಹಕ್ಕಿ ಅಂತ ಅಣಕಿಸಿದರು.

ಕೊನೆಯ ಹಂತಕ್ಕೆ ಮುಂಚಿನ ಹಂತ, ಮೆಟ್ಸ್‌ನಿಂದ ಡಂಕರ್ಕ್‌ಗೆ 468 ಕಿ.ಮೀ. ಎರಡನೆಯವನಾದ ಫಿರ್ಮಿನ್ ಲಾಂಬೊಗಿಂತ ಕ್ರಿಸ್ತೋಫ್ ಅರ್ಧ ಗಂಟೆಯ ಹತ್ತಿರ ಮುಂದಿದ್ದ. ವಲಾನ್ಸಿಯೆನ್ ಊರಿನ ಹತ್ತಿರ ಕಲ್ಲು ಹಾಸಿದ ರಸ್ತೆಯಲ್ಲಿ ಮತ್ತೆ ಫೋರ್ಕ್ ಮುರಿಯಿತು. ಈ ಸಲ ಬೆಟ್ಟ ಇಳಿಯಬೇಕಾಗಿರಲಿಲ್ಲ, ಹತ್ತಿರದಲ್ಲೇ ಒಂದು ಕಾರ್ಖಾನೆ ಸಿಕ್ಕಿತು. ಅದೇ ನಿಯಮ, ಅದೇ ಕೆಲಸ, ಅವನದೇ ಕೈ. ರಿಪೇರಿಗೇ ಒಂದು ಗಂಟೆಗೂ ಹೆಚ್ಚು ಹೊತ್ತು ಹೋಯ್ತು. ಲಾಂಬೊ ಮುಂದೆ ಹೋಗಿ ಟೂರ್ ಗೆದ್ದ. ಅರವತ್ತಕ್ಕೂ ಹೆಚ್ಚು ಜನ ಹೊರಟಿದ್ದ ಆ ರೇಸಿನ ಅಧಿಕೃತ ಪಟ್ಟಿಯಲ್ಲಿ ಕೊನೆಗೆ ಉಳಿದವರು 10 ಜನ. ಕ್ರಿಸ್ತೋಫ್ ಮೂರನೆಯವನು.

ಆಗ ಒಂದು ವಿಚಿತ್ರ ಆಯ್ತು. ಪತ್ರಿಕೆಯ ಓದುಗರು ಕ್ರಿಸ್ತೋಫ್‌ಗಾಗಿ ದುಡ್ಡು ಕಳಿಸೋಕೆ ಶುರು ಮಾಡಿದರು. ಮೂರು ಫ್ರಾಂಕ್ ಕೊಡೋ ಸಾಮಾನ್ಯರಿಂದ ಹಿಡಿದು 500 ಫ್ರಾಂಕ್ ಕೊಟ್ಟ ಶ್ರೀಮಂತ ಹೆನ್ರಿ ದ ರಾಥ್‌ಶೀಲ್ಡ್‌ವರೆಗೆ. ಕೊಟ್ಟವರ ಹೆಸರಿನ ಪಟ್ಟಿಗಳು ದಿನಗಟ್ಟಲೆ ಅಚ್ಚಾದವು. ಒಟ್ಟು 13,000 ಫ್ರಾಂಕ್ ದಾಟಿತು. ಗೆದ್ದವನಿಗೆ ಸಿಕ್ಕ ಬಹುಮಾನಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಆಗಷ್ಟೇ ಯುದ್ಧದಿಂದ ಎದ್ದ ದೇಶ ಅದು. ತಮ್ಮ ತಪ್ಪಿಲ್ಲದೆ ಎಲ್ಲ ಕಳಕೊಂಡವರು ಮನೆಮನೆಯಲ್ಲೂ ಇದ್ದರು. ಕ್ರಿಸ್ತೋಫ್ ಅವರಿಗೆ ಅರ್ಥ ಆಗೋ ಮನುಷ್ಯ ಆಗಿದ್ದ ಅಂತ ನನಗನ್ನಿಸುತ್ತೆ.

1922ರಲ್ಲಿ, 37ನೇ ವಯಸ್ಸಿನಲ್ಲಿ, ಮತ್ತೊಮ್ಮೆ ಹಳದಿ ಜೆರ್ಸಿ ಸಿಕ್ಕಿತು. ಆಮೇಲೆ ಆಲ್ಪ್ಸ್‌ನ ಗಾಲಿಬಿಯೆ ಬೆಟ್ಟ ಇಳಿಯುವಾಗ ಮೂರನೇ ಸಲ ಫೋರ್ಕ್ ಮುರಿಯಿತು. ಮತ್ತೆ ನಡೆದ. ಎಂಟನೆಯವನಾಗಿ ಮುಗಿಸಿದ. ಇದರ ಮಧ್ಯೆ ಪ್ಯಾರಿಸ್–ಟೂರ್ಸ್ ಒಂದು ಸಲ, ಬೋರ್ಡೋ–ಪ್ಯಾರಿಸ್ ಎರಡು ಸಲ ಗೆದ್ದ. ಅವನು ದುರದೃಷ್ಟದ ಗೊಂಬೆ ಆಗಿರಲಿಲ್ಲ, ದೊಡ್ಡ ಓಟಗಾರ ಆಗಿದ್ದ ಅನ್ನೋದನ್ನ ಮರೀಬಾರದು. 1925ರಲ್ಲಿ 40 ವರ್ಷದವನಾಗಿ ಕೊನೆಯ ಟೂರ್ ಓಡಿಸಿದ.

ಆಮೇಲೆ ಮಲಕಾಫ್‌ನಲ್ಲಿ ಸೈಕಲ್ ಅಂಗಡಿ ನಡೆಸಿದ. ಪಾದ ಪೆಡಲ್ಲಿನಿಂದ ಜಾರದ ಹಾಗೆ ಹಿಡಿಯೋ ಟೋ ಕ್ಲಿಪ್‌ಗಳು ಅವನ ಹೆಸರಿನಲ್ಲಿ ಬಂದವು. ದಶಕಗಳ ಕಾಲ ಸೈಕಲ್ಲು ತುಳಿಯೋರು ಅವನ ಹೆಸರು ಕೆತ್ತಿದ ಪಟ್ಟಿ, ಕ್ಲಿಪ್ಪು ಬಳಸಿದರು, ಅವನ ಕಥೆ ಗೊತ್ತಿಲ್ಲದವರು ಕೂಡ. ಮುರಿದ ಲೋಹದಿಂದ ಅಷ್ಟು ಕಳಕೊಂಡವನ ಹೆಸರು ಕೊನೆಗೆ ಸೈಕಲ್ಲಿನ ಒಂದು ಭಾಗದ ಮೇಲೇ ಉಳೀತು. 1951ರಲ್ಲಿ ಸೇಂಟ್-ಮರಿ-ದ-ಕಂಪಾನ್‌ನ ಆ ಕುಲುಮೆಯ ಗೋಡೆಗೆ ನೆನಪಿನ ಫಲಕ ಹಾಕಿದಾಗ 66 ವರ್ಷದ ಕ್ರಿಸ್ತೋಫ್ ತಾನೇ ಅಲ್ಲಿಗೆ ಹೋಗಿದ್ದ. 1970ರ ಫೆಬ್ರವರಿ 1ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡ. ಈಗ ಆ ಹಳ್ಳಿಯಲ್ಲಿ ಅವನ ಪ್ರತಿಮೆಯೂ ಇದೆ.

ಟೂರಿನ ನಿಯಮ ಮುಂದಿನ ದಶಕಗಳಲ್ಲಿ ಒಂದೊಂದಾಗಿ ಸಡಿಲವಾಯ್ತು. ಇವತ್ತು ತಂಡದ ಕಾರಿನ ಮೇಲೆ ಸ್ಪೇರ್ ಸೈಕಲ್ಲುಗಳು ಸಾಲಾಗಿ ನಿಂತಿರ್ತವೆ. ಫೋರ್ಕ್ ಮುರಿದರೆ ಅರ್ಧ ನಿಮಿಷದಲ್ಲಿ ಹೊಸ ಸೈಕಲ್ಲು. ಕೆಲವರಿಗೆ ಇದರಲ್ಲಿ ಹಳೇ ಕಾಲದ ಶೌರ್ಯ ಕಾಣಲ್ಲ. ನನಗೆ ಹಾಗನ್ನಿಸಲ್ಲ. ಕ್ರಿಸ್ತೋಫ್ ಕುಲುಮೆಯಲ್ಲಿ ತೋರಿಸಿದ್ದು ಶೌರ್ಯ ಹೌದು. ಆದರೆ ಆ ಶೌರ್ಯ ತೋರಿಸೋ ಅಗತ್ಯ ಬರಬಾರದಿತ್ತು.

ನಮ್ಮಲ್ಲಿ ಕೆಲವರು ಇನ್ನು ಮೂರು ವರ್ಷದಲ್ಲಿ ಯಾವುದೋ ಕಂಪನಿಯ ಡಿಸೈನ್ ಟೇಬಲ್ ಮುಂದೆ ಕೂತಿರ್ತೀವಿ. ಅಲ್ಲಿ ನಾವು ಹಾಕೋ ಗೆರೆ, ಆರಿಸೋ ಕೊಳವೆಯ ದಪ್ಪ, ಸಾಕು ಅಂತ ಬಿಟ್ಟ ಒಂದು ಟೆಸ್ಟ್, ಇವೆಲ್ಲ ಎಲ್ಲೋ ಒಂದು ಇಳಿಜಾರಿನಲ್ಲಿ ಯಾರದ್ದೋ ಕೈ ಕೆಳಗೆ ಇರುತ್ತೆ. ಅದು ಮುರಿದರೆ ನಾವು ಆಫೀಸಿನಲ್ಲೇ ಇರ್ತೀವಿ, ಹತ್ತು ಕಿ.ಮೀ. ನಡೆಯೋನು ಬೇರೆಯವನು. ಅವನಿಗೆ ಬೀಗದ ಕೆಲಸ ಬಾರದೇ ಇರಬಹುದು. ಅವನ ಹತ್ತಿರ ಕುಲುಮೆಯೂ ಇರಲಿಕ್ಕಿಲ್ಲ, ತಿದಿ ಒತ್ತೋ ಹುಡುಗನೂ ಇರಲಿಕ್ಕಿಲ್ಲ.